ಅಜ್ಜಿಯ ಎದೆಬಡಿತ

"ನಿಲ್ಲಿಸಬೇಡಿ ಮೇಡಂ, ಒತ್ತಿ!"

ಡಾಕ್ಟರ್ ಒತ್ತಿದಳು. ರಬ್ಬರ್ ಚೀಲದ ಗಾಳಿ ಕೊಳವೆಯೊಳಗೆ ಹೋಗಿ, ಮೇಜಿನ ಮೇಲಿದ್ದ ಮುದಿ ಕಡಲಾಮೆಯ ಕತ್ತು ತುಸು ಉಬ್ಬಿ ಇಳಿಯಿತು. ತಾನಾಗಿ ಉಸಿರೆಳೆಯುವ ಲಕ್ಷಣವೇ ಇಲ್ಲ. ಆಪರೇಷನ್ ಚೆನ್ನಾಗಿಯೇ ಆಗಿತ್ತು, ಹೊಟ್ಟೆ ಉರಿಸುವ ಸಂಗತಿ ಅದೇ. ಹೊಟ್ಟೆಯಿಂದ ತೆಗೆದ ಬಲೆಯ ಚೂರು ತಟ್ಟೆಯಲ್ಲಿ ಮುದ್ದೆಯಾಗಿ ಬಿದ್ದಿತ್ತು. ಅದು ತಾನು ತೊಟ್ಟಿಯ ಕಸ ಬಳಿಯುವ ಬಲೆಯದೇ ಎಂದು ಎದುರು ನಿಂತು ಕೂಗಿದ, ಆಮೆಗಳ ತೊಟ್ಟಿ ನೋಡಿಕೊಳ್ಳುವ ತೊಟ್ಟಿಯವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಕಣ್ಣು ಕಾಣದ ಈ ಆಮೆಯನ್ನು ಕಡಲಿಗೆ ಬಿಡಲಾಗದೆ ಚಿಕಿತ್ಸಾಲಯದಲ್ಲೇ ಇಟ್ಟುಕೊಂಡಿದ್ದರು. ಎಲ್ಲರಿಗೂ ಅದು ಅಜ್ಜಿ, ತೊಟ್ಟಿಯವನ ಹೆಂಡತಿಗೆ ಮಾತ್ರ ಸವತಿ. ಮಗಳ ಮದುವೆಯ ದಿನವೂ ಇದಕ್ಕೆ ತಿನ್ನಿಸಲು ಓಡಿ ಬಂದ ಗಂಡನನ್ನು ಕಟ್ಟಿಕೊಂಡವಳು ಇನ್ನೇನು ತಾನೇ ಅಂದಾಳು!

ಬಾಗಿಲ ಬಳಿ ಟಬ್ಬಿನಲ್ಲಿ ಇನ್ನೊಂದು ಆಮೆ, ಎಳೆಯದು, ಬಾಯಿ ತೆರೆದು ಒದ್ದಾಡುತ್ತಿತ್ತು. ದೋಣಿಯ ಮೋಟಾರಿನ ರೆಕ್ಕೆಗೆ ಸಿಕ್ಕಿ ಬೆನ್ನು ಸೀಳಿತ್ತು. ಅದನ್ನು ಹೊಲಿಯಬೇಕೆಂದರೆ ಇದೇ ಚೀಲ, ಇದೇ ಕೊಳವೆ ಬೇಕು. ಎರಡನೆಯ ಚೀಲ ಕೇಳಿದಾಗಲೆಲ್ಲ ಆಫೀಸಿನವರು "ನೋಡೋಣ" ಎಂದಿದ್ದರು. ಇನ್ನೂ ನೋಡುತ್ತಲೇ ಇದ್ದರು.

"ಅಣ್ಣಾ, ಇನ್ನು ಕೊಳವೆ ತೆಗೀಲೇಬೇಕು."

"ಕೇಳಿಸ್ತಿಲ್ವಾ ನಿಮಗೆ? ಎದೆ ಬಡ್ಕೋತಾ ಇದೆ!"

ಕೇಳಿಸುತ್ತಿತ್ತು. ಅಜ್ಜಿಯ ಕತ್ತಿಗೆ ಅಂಟಿಸಿದ ಪುಟ್ಟ ಯಂತ್ರದಿಂದ, ತುಂಬ ನಿಧಾನವಾಗಿ, ಒಂದೊಂದೇ ಬಡಿತ. ಅವನಿಗೆ ಧೈರ್ಯ ಬರಲೆಂದು ಬೆಳಿಗ್ಗೆ ಅದರ ಶಬ್ದ ಏರಿಸಿದವಳು ಅವಳೇ.

"ಆಮೆ ಎದೆ ಹಾಗೇ. ಜೀವ ಹೋದ್ಮೇಲೂ ಎಷ್ಟೋ ಹೊತ್ತು ಬಡ್ಕೋತಾನೇ ಇರತ್ತೆ. ಕಣ್ಣು ಮುಟ್ಟಿದೆ, ಬಾಲ ಚಿವುಟಿದೆ. ಏನೂ ಇಲ್ಲ."

"ಮತ್ತೆ ಬೆಳಿಗ್ಗೆ ಯಾಕೆ ಕೇಳಿಸಿದ್ರಿ?"

ಅವಳು ಚೀಲವನ್ನು ಇನ್ನೊಮ್ಮೆ ಒತ್ತಿದಳು. ಅರ್ಧ ದಿನ ಹೀಗೇ ಬಿದ್ದಿದ್ದು ಆಮೇಲೆ ಉಸಿರಾಡಿದ ಆಮೆಗಳೂ ಉಂಟು. ಅದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹೇಳಿದ್ದರೆ ಅವನು ಕೊಳವೆ ಮುಟ್ಟಗೊಡುತ್ತಿರಲಿಲ್ಲ, ಅವಳಿಗೂ ಕೈ ಬರುತ್ತಿರಲಿಲ್ಲ. ಟಬ್ಬಿನ ನೀರು ಕೆಂಪಾಗುತ್ತಿತ್ತು.

ಅವಳು ಕೊಳವೆ ಎಳೆದಳು.

ತೊಟ್ಟಿಯವನು ಮೂಗೊರೆಸಿಕೊಂಡು ಅಜ್ಜಿಯ ಚಿಪ್ಪಿನಡಿ ಕೈ ಹಾಕಿದ. ಇಬ್ಬರೂ ಸೇರಿ ಅದನ್ನು ನೆಲದ ಮೇಲೆ ಹಾಸಿದ ಒದ್ದೆ ಗೋಣಿಗೆ ಇಳಿಸಿ, ಎಳೆಯದನ್ನು ಮೇಜಿಗೆ ಎತ್ತಿದರು. ತೊಳೆದ ಕೊಳವೆಯನ್ನು ಅದರ ಗಂಟಲಿಗೆ ಇಳಿಸಿದ ಮೇಲೆ ಅಜ್ಜಿಯ ಕತ್ತಿನ ಯಂತ್ರ ಆರಿಸಲು ಅವಳ ಕೈ ಗುಂಡಿಯತ್ತ ಹೋಯಿತು.

"ಅದೊಂದು ಇರ್ಲಿ ಬಿಡಮ್ಮ," ಎಂದ ಅವನು. ಅಮ್ಮ ಎಂದು ಅವಳನ್ನು ಕರೆದದ್ದು ಅದೇ ಮೊದಲು. "ಚೀಲ ನಾನೊತ್ತುತ್ತೀನಿ, ನೀವು ಹೊಲೀರಿ."

ಅವಳು ಸೂಜಿ ಹಿಡಿದಳು. ಅವನು ಎಳೆಯದರ ಮೇಲೆ ಕಣ್ಣಿಟ್ಟು ಹದವಾಗಿ ಒತ್ತಿದ. ಕೆಳಗೆ ಅವನ ಬರಿಗಾಲು ತಡಕಾಡಿ, ಗೋಣಿಯ ಅಂಚನ್ನು ಅಜ್ಜಿಯ ಬೆನ್ನ ಮೇಲೆ ಎಳೆಯಿತು. ಒತ್ತಿದಾಗಲೆಲ್ಲ ಚೀಲ ಸುಯ್ಯೆನ್ನುತ್ತಿತ್ತು. ಅದು ಅಡಗಿದ ಮೇಲೆ ನೆಲದಿಂದ ಅಜ್ಜಿಯ ಎದೆಬಡಿತ ಕೇಳಿಸುವತನಕ ಇಬ್ಬರ ಕೈಯೂ ನಿಲ್ಲುತ್ತಿತ್ತು.