ರಾಜಲಕ್ಷ್ಮಮ್ಮ ಕೊಡಿಸಿದ ಗ್ಲೌಸು

ಬಾಯಿಗೆ ಬಂದ ನೆಪ ಹೇಳ್ಬುಟ್ಟೆ. ಮಳೇಲಿ ಬೈಕ್ ಓಡ್ಸಿ ಕೈ ಮರಗಟ್ಟೋಗುತ್ತೆ, ಸೂಜಿ ಹಿಡಿಯೋಕಾಗಲ್ಲ, ಈ ಕೆಲ್ಸ ಬುಟ್ಬುಡ್ತೀನಿ ಅಂತ. ನಮ್ಮತ್ತೆ ರಾಜಲಕ್ಷ್ಮಮ್ಮ ಸುಮ್ನಿರೋರಾ? ಮಾರನೇ ದಿನವೇ ನನ್ನ ಬೈಕಿನ ಹಿಂದೆ ಕೂತು ಕುಂದೂರಿಂದ ಸಕಲೇಶಪುರಕ್ಕೆ ಬಂದವ್ರೆ. ತಾಜುದ್ದೀನಣ್ಣನ ಅಂಗ್ಡೀಲಿ ನಿಂತು, ‘ನಮ್ಮ ನವ್ಯಂಗೆ ಮಳೆಗಾಲದ ಗ್ಲೌಸ್ ತೋರ್ಸಪ್ಪ, ಚೆನ್ನಾಗಿರೋದು’ ಅಂತಾವ್ರೆ.

ನಂದು ರಕ್ತ ತಗೊಳ್ಳೋ ಕೆಲ್ಸ. ಹೊಂಗಡಹಳ್ಳದ ಕಡೆ ಎಸ್ಟೇಟ್ ಲೈನ್‌ಮನೆಗಳಿಗೆ ಹೋಗಿ, ಕೆಲಸದೋರ ರಕ್ತ ತಗೊಂಡು ಲ್ಯಾಬಿಗೆ ತಂದುಕೊಡ್ಬೇಕು. ನಿಜ ಹೇಳ್ಬೇಕಂದ್ರೆ ಕೈಗೆ ಏನೂ ಆಗಿಲ್ಲ. ಹೋದ ತಿಂಗ್ಳು ಆನೇಮಹಲ್ ಹತ್ರ ಬೈಕ್ ಜಾರಿ ಲಾರಿ ಚಕ್ರದ ಪಕ್ಕದಲ್ಲೇ ಬಿದ್ದೆ. ಮೈಮೇಲೆ ಒಂದು ಗೀರೂ ಇಲ್ಲ, ಯಾರಿಗೂ ಹೇಳ್ಲಿಲ್ಲ. ಅವತ್ತಿಂದ ಕೀ ತಿರುಗಿಸಿದ್ರೆ ಸಾಕು, ಆ ಚಕ್ರಾನೇ ಕಣ್ಮುಂದೆ ಬರುತ್ತೆ. ಹೇಳೋದಾದ್ರೂ ಹೆಂಗೆ? ನನ್ ಗಂಡ ಸುನಿಲ್‌ಕುಮಾರ್ ಸಿಕ್ಕಿದೋರಿಗೆಲ್ಲ ‘ನಮ್ಮನೆಯೋಳು ಹೆಣ್ಣುಹುಲಿ ಕಣೋ’ ಅಂತಾನೆ. ಅತ್ತೆ ಡೈರಿ ಹತ್ರ ಹಾಲಿಗೆ ನಿಂತೋರ ಮುಂದೆಲ್ಲ ಹೊಗಳಿ ಹೊಗಳಿ ನನ್ನ ಅಟ್ಟಕ್ಕೇರ್ಸವ್ರೆ. ಇಳಿಯೋಕೆ ಏಣಿ ಇಟ್ಟಿಲ್ಲ.

‘ಚರ್ಮದ್ದು ಬೇಡಕ್ಕ, ಒಂದ್ಸಲ ನೆಂದ್ರೆ ವಾರವಾದ್ರೂ ಒಣಗಲ್ಲ,’ ಅಂತ ತಾಜುದ್ದೀನಣ್ಣ ಬೇರೆ ಜೊತೆ ತೆಗೆದ.

ಹಾಕ್ಕೊಂಡೆ. ‘ಬಿಗಿ,’ ಅಂದೆ. ಇನ್ನೊಂದು ಕೊಟ್ಟ. ‘ಸಡಿಲ, ಕ್ಲಚ್ಚೇ ಗೊತ್ತಾಗಲ್ಲ.’ ಮತ್ತೊಂದು. ‘ಒಳಗೆ ಹೊಲಿಗೆ ಚುಚ್ತೈತೆ.’

‘ಮದ್ವೆ ಸೀರೆಗೂ ಇಷ್ಟು ನಖರಾ ಮಾಡ್ಲಿಲ್ವಲ್ಲೇ ಮಾರಾಯ್ತಿ!’ ಅಂದ್ರು ಅತ್ತೆ.

‘ಎಲ್ಲಾರಂಗೆ ಕೈಗೆ ಹಾಲಿನ ಕವರ್ ಸಿಗಿಸ್ಕೊಂಡು ರಬ್ಬರ್ ಬ್ಯಾಂಡ್ ಹಾಕ್ಕೋತೀನಿ ಬುಡಿ ಅತ್ತೆ. ದುಡ್ಡು ದಂಡ.’

‘ಬಾಯ್ಮುಚ್ಚು.’

ಆಮೇಲೆ ಆತ ಮೇಲಿನ ಹಲಗೆಯಿಂದ ಕರಿ ಗ್ಲೌಸ್ ಇಳ್ಸಿದ. ದಪ್ಪನೆ ಬಟ್ಟೆ, ಒಳಗೆ ಮೆತ್ತಗೆ, ಮುಂಗೈವರೆಗೂ ಉದ್ದ. ದರಿದ್ರದ್ದು, ನನ್ನ ಕೈಯಳತೆ ತಗೊಂಡೇ ಹೊಲ್ದಂಗೆ ಕೂತ್ಕೊಂಡ್ತು! ಬೆರಳು ಮಡಚಿದ್ರೆ ಮಡಚುತ್ತೆ, ಎಲ್ಲೂ ಒತ್ತಲ್ಲ. ತಾಜುದ್ದೀನಣ್ಣ ಸೂರಿನ ನೀರಿಗಿಟ್ಟ ಬಕೆಟ್ ತೋರ್ಸಿ, ‘ಅದ್ದಿ ನೋಡಕ್ಕ,’ ಅಂದ. ಅದ್ದಿದೆ. ದೇವ್ರೇ, ಒಂದೇ ಒಂದು ಹನಿ ಒಳಗೆ ಬರ್ಲಪ್ಪ ಅಂತ ಬೇಡ್ಕೊಂಡು ಅದ್ದಿದೆ. ಈಚೆ ತೆಗೆದ್ರೆ ಕೈ ಬೆಚ್ಚಗೆ, ಒಂದು ಹನೀನೂ ತಾಕಿಲ್ಲ.

‘ಇನ್ನು ಈ ಮಳೇಲಿ ಬಿಸಿಲೆ ಘಾಟಿ ಇಳಿದ್ರೂ ಚಿಂತೆ ಇಲ್ಲ,’ ಅಂತ ಆತ ಡಬ್ಬ ಹುಡುಕೋಕೆ ಒಳಗೆ ಹೋದ. ಇದ್ದ ಒಂದು ನೆಪಾನೂ ಹೋಯ್ತು.

‘ಅತ್ತೆ, ಕೈಯಲ್ಲ,’ ಅಂದೆ. ಅಳು ಬಂದ್ಬುಡ್ತು. ‘ಬಿದ್ದಿದ್ದೆ. ಲಾರಿ ಪಕ್ಕ. ನಂಗೆ ಭಯ ಅತ್ತೆ, ತುಂಬಾ ಭಯ.’

ಅತ್ತೆ ಆಶ್ಚರ್ಯ ಪಡ್ಲೇ ಇಲ್ಲ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ್ರು.

‘ನಂಗೊತ್ತು. ಬೈಕ್ ಮೇಲಿನ ಕೆಸ್ರು ತೊಳ್ದಿದ್ಯಾರು ಅಂದ್ಕೊಂಡೆ? ಸುನಿಲಂಗೆ ಮಾತ್ರ ಹೇಳ್ಬೇಡ. ನಾನೂ ಬಾಲವಾಡಿ ಕೆಲ್ಸಕ್ಕೆ ಸೈಕಲ್ಲಲ್ಲಿ ಹೋಗ್ತಿದ್ದೆ ಕಣವ್ವ. ಒಂದಿನ ಬಿದ್ದೆ, ಭಯ ಆಗುತ್ತೆ ಅಂದೆ. ನಿಮ್ಮಾವ ಪಾಪ, ಪ್ರೀತಿಗೇ, ಅವತ್ತೇ ಸೈಕಲ್ ಮಾರ್ಬುಟ್ರು. ಆಮೇಲೆ ನಾನು ಊರು ದಾಟಿದ್ದು ಬರೀ ಮದ್ವೆಗೆ, ಸಾವಿಗೆ.’

‘ಹಂಗಂತ ನಾನು ಸಾಯೋವರ್ಗೂ ಹೆದರ್ಕೊಂಡೇ ಓಡಿಸ್ಲಾ?’ ಸಿಟ್ಟು ಬಂತು ನಂಗೆ.

ಅತ್ತೆ ನನ್ನ ಕೈಗೆ ಗ್ಲೌಸ್ ಸರಿಯಾಗಿ ಎಳೆದು, ಪಟ್ಟಿ ಬಿಗಿದ್ರು. ‘ದಪ್ಪಂದೇ ತಗೋ ಮಗ. ಒಳಗೆ ಕೈ ನಡುಗಿದ್ರೆ ಯಾರಿಗೂ ಕಾಣ್ಸಲ್ಲ.’

ಡಬ್ಬ ತಂದ ತಾಜುದ್ದೀನಣ್ಣಂಗೆ ಬೇಡ ಅಂದೆ, ಹಾಕ್ಕೊಂಡೇ ಹೊರಟೆ. ಮಳೆ ಜೋರಾಗಿತ್ತು. ಹಿಂದೆ ಕೂತ ಅತ್ತೆ ನನ್ನ ಸೊಂಟ ಬಿಗಿಯಾಗಿ ಹಿಡ್ಕೊಂಡ್ರು. ಅವರ ಕೈಗೆ ಗ್ಲೌಸ್ ಇರ್ಲಿಲ್ಲ, ಊರು ಮುಟ್ಟೋವರ್ಗೂ ನಡುಗ್ತಾನೇ ಇತ್ತು.