ಎರಡು ಕರಿಮಣ್ಣು

ನನ್ನ ಬಾವ ತೊಕುಜೊ ಮಣ್ಣನ್ನು ಮೊದಲು ಮೂಸಿ ನೋಡುತ್ತಿದ್ದರು. ಆಮೇಲೆ ಮುಷ್ಟಿಯಲ್ಲಿ ಅಮುಕಿ, ಬೆರಳಸಂದಿಯಿಂದ ಅದು ಹೇಗೆ ಉದುರುತ್ತದೆ ಎಂದು ಗಮನಿಸುತ್ತಿದ್ದರು. ೧೯೪೭ರ ವಸಂತದಲ್ಲಿ ನಾವು ಹನ್ನೊಂದು ಮನೆಯವರು ಗುದ್ದಲಿ, ಚಾಪೆ, ಪಾತ್ರೆ ಹೊತ್ತುಕೊಂಡು ಅಸಾಮಾ ಬೆಟ್ಟದ ಉತ್ತರದ ತಪ್ಪಲಿಗೆ ಬಂದ ದಿನವೂ ಅವರು ಮಾಡಿದ ಮೊದಲ ಕೆಲಸ ಅದೇ. ಮೊಣಕಾಲೆತ್ತರದ ಬಿದಿರುಪೊದೆಯೊಂದನ್ನು ಬೇರುಸಮೇತ ಕಿತ್ತರು. ಕೆಳಗೆ ಮಣ್ಣು ಕಾಡಿಗೆಯ ಹಾಗೆ ಕಪ್ಪಗಿತ್ತು. ಮೊಣಕೈವರೆಗೆ ತೋಡಿದರೂ ಒಂದು ಕಲ್ಲು ಕೈಗೆ ತಾಗಲಿಲ್ಲ.

“ಇನೆ, ಬಾ ಇಲ್ಲಿ,” ಎಂದು ಹೆಂಡತಿಯನ್ನು ಕರೆದರು. “ಅಲ್ಲಿದ್ದ ಮಣ್ಣೇ ಕಣೇ ಇದು.”

ಇನೆ ಅಕ್ಕ ಬಂದು ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಮಣ್ಣನ್ನು ಮಡಿಲಿಗೆ ಹಾಕಿಕೊಂಡು ಅತ್ತಳು. ನನಗೆ ಮದುವೆಯಾಗಿ ಆಗ ಇಪ್ಪತ್ತು ದಿನ. ನನ್ನ ಗಂಡ ಮೊರಿಯೊ ಬಾವನ ತಮ್ಮ. ‘ಅಲ್ಲಿ’ ಎಂದರೆ ಚೀನಾದ ಮಂಚೂರಿಯಾ ಎಂದು ಗೊತ್ತಿತ್ತು. ಬಾವ, ಅಕ್ಕ ಇಬ್ಬರೂ ಏಳು ವರ್ಷ ಅಲ್ಲಿ ಬೇಸಾಯ ಮಾಡಿ, ಯುದ್ಧದಲ್ಲಿ ನಮ್ಮ ದೇಶ ಸೋತ ಮೇಲೆ ಬರಿಗೈಯಲ್ಲಿ ಮರಳಿದವರು. ಆದರೆ ಅಕ್ಕ ಯಾಕೆ ಅಳುತ್ತಾಳೆ ಎಂದು ನನಗೆ ಆಗ ತಿಳಿಯಲಿಲ್ಲ.

ಅದನ್ನು ಅವಳು ಆಮೇಲೆ ತುಂಡುತುಂಡಾಗಿ ಹೇಳಿದಳು, ಬಟ್ಟೆ ಹಿಂಡುವಾಗ ಒಂದಿಷ್ಟು, ಒಣಗಿದ ಮೂಲಂಗಿ ಸೊಪ್ಪು ಬಿಡಿಸುವಾಗ ಒಂದಿಷ್ಟು. ಅಲ್ಲಿ ಇವರಿಗೆ ಸರ್ಕಾರ ಕೊಟ್ಟ ಹೊಲ ನಿಜಕ್ಕೂ ಲ್ಯೂ ಎಂಬ ಚೀನೀ ರೈತನದು. ಕಿತ್ತುಕೊಂಡು ಕೊಟ್ಟದ್ದು. ಲ್ಯೂ ತನ್ನದೇ ಹೊಲದಲ್ಲಿ ಇವರಿಗೆ ಕೂಲಿ ಮಾಡುತ್ತಿದ್ದ. ೧೯೪೫ರ ಆಗಸ್ಟ್‌ನಲ್ಲಿ ಎಲ್ಲರೂ ಓಡಬೇಕಾಗಿ ಬಂದಾಗ ಇವರ ಮಗಳು ಚಿಜುಗೆ ಮೂರು ವರ್ಷ. ಮೈ ಕೆಂಡದಂತೆ ಸುಡುತ್ತಿತ್ತು, ಅಳುವ ಶಕ್ತಿಯೂ ಉಳಿದಿರಲಿಲ್ಲ. ಅಕ್ಕ ಬೆನ್ನಿಗೆ ಕಟ್ಟಿಕೊಂಡೇ ನಡೆಯುತ್ತೇನೆ ಎಂದಳು. ಬಾವ ಮಗುವನ್ನು ಬಿಚ್ಚಿಕೊಂಡು ಲ್ಯೂನ ಹೆಂಡತಿಯ ಕೈಗೆ ಕೊಟ್ಟರು. ಸೋತ ಮೇಲೆ ಹೊಲ ಮತ್ತೆ ಲ್ಯೂನದಾಗಿತ್ತು. “ಈ ಮಣ್ಣಿರೋ ಮನೇಲಿ ಮಗು ಹಸಿವಿಂದ ಸಾಯಲ್ಲ,” ಎಂದರಂತೆ. ಲ್ಯೂನ ಹೆಂಡತಿ ಇವರಿಗೆ ಬೇಯಿಸಿದ ನಾಲ್ಕು ಜೋಳದ ತೆನೆ ಕಟ್ಟಿಕೊಟ್ಟಳು. ಇವರ ಗುಂಪಿನಲ್ಲಿ ಹೊರಟ ಹನ್ನೆರಡು ಮಕ್ಕಳಲ್ಲಿ ಹಡಗು ಹತ್ತಿದ್ದು ಮೂರು.

ಆ ಮಣ್ಣಿನ ಬಗ್ಗೆ ಬಾವ ಆಡಿದ ಒಂದು ಮಾತನ್ನು ಹಿಡಿದುಕೊಂಡೇ ಅಕ್ಕ ಬದುಕಿದ್ದಳು.

ಮೊದಲ ವರ್ಷ ಸೋಯಾ, ಬಾರ್ಲಿ, ಆಲೂಗಡ್ಡೆ ಹಾಕಿದೆವು. ಎಲ್ಲವೂ ಮೊಳಕೆಯೊಡೆದವು. ಗೇಣುದ್ದ ಬಂದ ಮೇಲೆ ನಿಂತುಬಿಟ್ಟವು. ಎಲೆಗಳ ಅಂಚು ನೇರಳೆ ಬಣ್ಣಕ್ಕೆ ತಿರುಗಿ ಸುರುಟಿಕೊಂಡವು. ಅಗೆಯಲು ಅಷ್ಟು ಹಗುರವಾದ ಮಣ್ಣನ್ನು ನಾನು ಬೇರೆಲ್ಲೂ ಕಂಡಿಲ್ಲ. ಬುಟ್ಟಿ ತುಂಬ ಹೊತ್ತರೂ ಹೊಟ್ಟು ಹೊತ್ತ ಹಾಗಿರುತ್ತಿತ್ತು. ಮಳೆ ಬಂದರೆ ಎಷ್ಟು ನೀರನ್ನಾದರೂ ಕುಡಿದುಬಿಡುತ್ತಿತ್ತು. ಒಮ್ಮೆ ಪೂರ್ತಿ ಒಣಗಿತೋ, ಪುಡಿಯಾಗಿ ನೀರಿನ ಮೇಲೇ ತೇಲುತ್ತಿತ್ತು. ವಸಂತದ ಗಾಳಿಗೆ ಹೊಲವೇ ಎದ್ದು ಬಂದು ಗಂಜಿಯ ಬಟ್ಟಲಲ್ಲಿ ಕೂರುತ್ತಿತ್ತು. ಚಳಿಗಾಲದಲ್ಲಿ ನೆಲದೊಳಗಿನ ನೀರು ಸೂಜಿಸೂಜಿಯಾಗಿ ಹೆಪ್ಪುಗಟ್ಟಿ ಮಣ್ಣನ್ನು ಎತ್ತುತ್ತಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಬಾರ್ಲಿ ಸಸಿಗಳು ಬೇರು ಬಯಲಿಗೆ ಚಾಚಿ ಮಲಗಿರುತ್ತಿದ್ದವು. ನಾವಿಬ್ಬರು ಹೆಂಗಸರು ಸಾಲುದ್ದಕ್ಕೂ ಅವನ್ನು ಕಾಲಿನಿಂದ ತುಳಿದು ಮತ್ತೆ ಕೂರಿಸುತ್ತಿದ್ದೆವು.

ಬಾವ ಸೋಲೊಪ್ಪಲಿಲ್ಲ. ಎಲೆಗೊಬ್ಬರ, ಒಲೆಬೂದಿ, ಪಾಯಿಖಾನೆಯ ಗೊಬ್ಬರ ಏನು ಸಿಕ್ಕರೂ ಅಡ್ಡೆಯಲ್ಲಿ ಹೊತ್ತು ತಂದು ಸುರಿದರು. ಪಕ್ಕದ ಗುಡಿಸಲಿನ ಗೆಂಪಾಚಿ ಸಂಸಾರ ಕಟ್ಟಿಕೊಂಡು ಊರು ಬಿಡುವ ದಿನ ನಕ್ಕುಕೊಂಡೇ ಹೇಳಿದ: “ತೊಕುಜೊ, ನಿನ್ನ ಹೊಲ ನಮ್ಮ ಮಾವನ ಹಾಗೆ ಕಣೋ. ಎಷ್ಟು ಬಡಿಸಿದ್ರೂ ತಿಂತಾನೆ, ಒಂದು ದಿನಾನೂ ಕೆಲಸಕ್ಕೆ ಏಳಲ್ಲ.” ಬಾವನೂ ನಕ್ಕರು. ಅವರು ನಕ್ಕಿದ್ದನ್ನು ನಾನು ಕೊನೆಯ ಸಲ ನೋಡಿದ್ದು ಆವತ್ತೇ ಇರಬೇಕು. ಹನ್ನೊಂದು ಮನೆ ಹೋಗಿ ಆರು ಉಳಿಯಿತು.

ಎರಡನೆಯ ವರ್ಷ ಹಾಕಿದ ಬಕ್‌ವೀಟ್ ಧಾನ್ಯ ಬಿತ್ತಿದ ಬೀಜದಷ್ಟೂ ಮರಳಿ ಬರಲಿಲ್ಲ. ಅದನ್ನು ಕೇರಿ ಚೀಲಕ್ಕೆ ತುಂಬಿದ ಸಂಜೆ ನಾವು ನಾಲ್ವರೂ ಒಲೆಯ ಸುತ್ತ ಕೂತು ಕುಂಬಳಕಾಯಿ ಬೇಯಿಸಿದ ನೀರು ಕುಡಿಯುತ್ತಿದ್ದೆವು. ಅಕ್ಕ ತಲೆ ಎತ್ತದೆ ಕೇಳಿದಳು:

“ಈ ಮಣ್ಣೂ ಕಪ್ಪಗೇ ಇದೆ. ಇದನ್ನೂ ನೀವು ಮೂಸಿ ನೋಡಿ ಒಳ್ಳೇದು ಅಂದ್ರಿ. ಅಲ್ಲೀದೂ ಹೀಗೇ ಕೈಕೊಟ್ಟಿದ್ರೆ ನನ್ನ ಮಗು ಏನು ತಿಂತಿರುತ್ತೆ ರೀ?”

ಬಾವ ಬಟ್ಟಲನ್ನು ಕೆಳಗಿಟ್ಟರು. ಆವತ್ತಿನಿಂದ ಬಾವ ಮಣ್ಣು ಮೂಸುವುದನ್ನು ಬಿಟ್ಟರು. ಮಾತೂ ಕಡಿಮೆಯಾಯಿತು. ಹೊಲದ ಮೇಲಿನ ಇಳಿಜಾರಿನಲ್ಲಿ ಇನ್ನೊಂದು ತುಂಡು ನೆಲ ಅಗೆಯಲು ಶುರುಮಾಡಿದರು, ಅಲ್ಲಿನ ಮಣ್ಣಾದರೂ ಬೇರೆಯಿರಬಹುದು ಎಂಬ ಆಸೆಯಿಂದ. ಅಲ್ಲಿಯೂ ಅದೇ ಕಪ್ಪು. ಏಪ್ರಿಲ್‌ನಲ್ಲಿ ಹಿಮ ಕರಗಿ ನೆಲ ಕೆಸರಾಗಿದ್ದರೂ ಬಿಡದೆ ಮರದ ಬೇರು ಕೀಳುತ್ತಿದ್ದರು. ಸೊಂಟದವರೆಗೆ ನೆನೆದು ಮನೆಗೆ ಬಂದ ದಿನವೇ ಜ್ವರ ಹಿಡಿಯಿತು, ಎದೆ ಕಟ್ಟಿತು. ವೈದ್ಯರಿದ್ದ ಊರಿಗೆ ಮೊರಿಯೊ ನಡೆದು ಹೋಗಿ ಔಷಧಿ ತರುವ ಹೊತ್ತಿಗೆ ಅವರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಅದಕ್ಕೆ ಮೊದಲು ಒಂದು ಮಧ್ಯಾಹ್ನ ಅಕ್ಕನ ಕೈ ಹಿಡಿದು, “ಅಲ್ಲಿ ಏಳು ಬೆಳೆ ತೆಗೆದಿದ್ದೆ ಇನೆ. ಏಳೂ ಬಂದಿತ್ತು,” ಎಂದಿದ್ದರು. ಆಮೇಲೆ ಗೋಡೆಯ ಕಡೆ ಹೊರಳಿ, “ಆದ್ರೂ ಈಗ ನಂಗೆ ಗೊತ್ತಾಗ್ತಿಲ್ಲ,” ಎಂದರು. ಎಂಟನೆಯ ದಿನ ತೀರಿಕೊಂಡರು.

ಅಕ್ಕ ಅಳಲಿಲ್ಲ. ತನ್ನ ಮಾತೇ ಅವರನ್ನು ಕೊಂದಿತು ಎಂದು ನನ್ನೊಡನೆ ಒಂದೇ ಒಂದು ಸಲ ಹೇಳಿದಳು. ನಾನು ಹಾಗಲ್ಲ ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಜೂನ್‌ನಲ್ಲಿ ಕೃಷಿ ಇಲಾಖೆಯಿಂದ ಹಿರೋಬೆ ಎಂಬ ಮಣ್ಣಿನ ಮೇಷ್ಟ್ರು ಬಂದರು. ಸೈನ್ಯದ ಹಳೆಯ ಅಂಗಿ, ಒಂದು ಕಣ್ಣಿಗೆ ಪೊರೆ, ಹೆಗಲಿಗೆ ಮಣ್ಣು ಕೊರೆಯುವ ಉದ್ದನೆಯ ಬೈರಿಗೆ. ನಮ್ಮ ಹೊಲದಲ್ಲಿ ಎದೆಯಾಳದ ಗುಂಡಿ ತೋಡಿಸಿದರು. ಮೇಲೆ ಕಪ್ಪು, ಅದರ ಕೆಳಗೆ ಜೇನಿನ ಬಣ್ಣ, ಅದಕ್ಕೂ ಕೆಳಗೆ ಹಗುರವಾದ ಬೆಟ್ಟದ ಕಲ್ಲಿನ ನುಚ್ಚು. ಒಂದು ಹಸಿ ಉಂಡೆ ತೆಗೆದು ನನ್ನ ಅಂಗೈಯಲ್ಲಿಟ್ಟು ತಿಕ್ಕಲು ಹೇಳಿದರು. ಗಟ್ಟಿಯಾಗಿದ್ದದ್ದು ನೋಡನೋಡುತ್ತ ಲೋಳೆಯಾಗಿ ನೀರು ಬಿಟ್ಟಿತು.

“ಇದು ಬೆಟ್ಟ ಉಗುಳಿದ ಬೂದಿ ಕಣಮ್ಮ,” ಎಂದರು. “ಸಾವಿರಾರು ವರ್ಷ ಹುಲ್ಲು ಬೆಳೆದು ಕೊಳೆತು ಕಪ್ಪಾಗಿದೆ. ಬಣ್ಣ ಹುಲ್ಲಿಂದು, ಮೈ ಬೂದೀದು. ಬೆಳೆಗೆ ರಂಜಕ ಅನ್ನೋ ಸತ್ವ ಬೇಕು. ನೀವು ಹಾಕಿದ ಗೊಬ್ಬರದಲ್ಲಿದ್ದ ರಂಜಕಾನೆಲ್ಲ ಈ ಮಣ್ಣು ಹಿಡ್ಕೊಂಡು ಕೂತಿದೆ, ಬೇರಿಗೆ ಬಿಡಲ್ಲ. ಕಾರ್ಖಾನೆ ಗೊಬ್ಬರ ಮೂಟೆಗಟ್ಟಲೆ ಸುರಿದು ಮೊದಲು ಇದರ ಹೊಟ್ಟೆ ತುಂಬಿಸಬೇಕು. ಸುಣ್ಣಾನೂ ಹಾಕಬೇಕು. ದುಡಿದವರ ತಪ್ಪೇನಿಲ್ಲ.”

ಅಕ್ಕ ಗುಂಡಿಯ ಅಂಚಿನಲ್ಲಿ ನಿಂತಿದ್ದಳು. ಅಲ್ಲಿಂದಲೇ ಕೇಳಿದಳು:

“ಮೇಷ್ಟ್ರೆ, ನೀವು ಮಂಚೂರಿಯಾದ ಮಣ್ಣು ನೋಡಿದೀರಾ?”

“ಎರಡು ವರ್ಷ ಅಲ್ಲಿ ಸಿಪಾಯಿಯಾಗಿದ್ದೆ. ಕಂದಕ ತೋಡುವಾಗೆಲ್ಲ ನೋಡ್ತಿದ್ದೆ.”

“ಅದೂ ಹೀಗೇನಾ?”

“ಅಲ್ಲಮ್ಮ. ನೋಡೋಕೆ ಹೀಗೇ ಕಪ್ಪು, ಆದ್ರೆ ಆ ಮಣ್ಣು ಬೇರೆ. ತೂಕದ ಮಣ್ಣು. ಬಚ್ಚಿಟ್ಟುಕೊಳ್ಳಲ್ಲ, ಕೊಡುತ್ತೆ.”

“ಒಂದು ಮಗು ಇರೋ ಮನೆಗೆ ಸಾಕಾಗುತ್ತಾ?”

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು. ನಾನು ಕಣ್ಣು ತಗ್ಗಿಸಿದೆ. ಅವರಿಗೆ ಏನು ಹೊಳೆಯಿತೋ, ಬೈರಿಗೆಯನ್ನು ಕೆಳಗಿಟ್ಟು, “ಸಾಕಾಗುತ್ತಮ್ಮ. ಮಿಕ್ಕುತ್ತೆ,” ಎಂದರು.

ಅಕ್ಕ ಅಲ್ಲಿಂದ ನೇರವಾಗಿ ಬಾವನ ಸಮಾಧಿಗೆ ಹೋದಳು. ಹಿಂದೆ ಹೋದ ನಾನು ಲಾರ್ಚ್ ಮರಗಳ ಈಚೆಗೇ ನಿಂತೆ. ಅವಳು ಮಂಡಿಯೂರಿ ಕೂತು, ಮನೆಯಲ್ಲಿ ಮಾತಾಡುವ ದನಿಯಲ್ಲೇ ಹೇಳುತ್ತಿದ್ದಳು: “ನೀವು ಹೇಳಿದ್ದು ಸರಿಯಿತ್ತು ರೀ. ಆ ಮಣ್ಣು ಬೇರೆಯಂತೆ. ಮೇಷ್ಟ್ರು ಹೇಳಿದ್ರು.” ಎರಡು ತಿಂಗಳು ಮೊದಲು ಅದನ್ನು ಹೇಳುವವರು ಯಾರೂ ಬರಲಿಲ್ಲ. ಆಮೇಲೆ ಅವಳು ಅತ್ತಳು. ಏಪ್ರಿಲ್‌ನಿಂದ ಹಿಡಿದಿಟ್ಟಿದ್ದದ್ದೆಲ್ಲ ಅವತ್ತು ಹೊರಗೆ ಬಂತು. ನಾನು ತಡೆಯಲಿಲ್ಲ.

ಗೊಬ್ಬರ, ಸುಣ್ಣ ಬರಲು ಇನ್ನೂ ಎರಡು ವರ್ಷ ಹಿಡಿಯಿತು. ಹಾಕಿದ ಮೇಲೆ ಬೆಳೆ ಬಂತು. ಈಗ ಈ ತಪ್ಪಲಿನಲ್ಲಿ ಬೇಸಿಗೆಯಿಡೀ ಎಲೆಕೋಸು ಲಾರಿಗಳಲ್ಲಿ ಹೋಗುತ್ತದೆ. ಅಕ್ಕ ನಮ್ಮ ಜೊತೆಯೇ ಉಳಿದಳು, ನನ್ನ ಮೂವರು ಮಕ್ಕಳನ್ನು ಸಾಕಿದಳು. ಚೀನಾದಲ್ಲಿ ಮಣ್ಣು ಎಂಥದ್ದೇ ಇರಲಿ, ಜನ ಗುಂಪುಗುಂಪಾಗಿ ಹಸಿದು ಸತ್ತರು ಎಂಬ ಸುದ್ದಿ ಒಂದು ವರ್ಷ ಪತ್ರಿಕೆಯಲ್ಲಿ ಬಂತು. ಮೊರಿಯೊ ಆ ಹಾಳೆಯನ್ನು ಅವಳ ಕಣ್ಣಿಗೆ ಬೀಳದ ಹಾಗೆ ಒಲೆಗೆ ಹಾಕಿದ.

ಆ ದೇಶಕ್ಕೆ ಪತ್ರ ಹೋಗುವಂತಾದ ಮೇಲೆ ಮೊರಿಯೊ ಅಕ್ಕನ ಪರವಾಗಿ ಲ್ಯೂನ ಹಳ್ಳಿಗೆ ಬರೆದ. ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ೧೯೭೫ರಲ್ಲಿ ಅಲ್ಲಿನ ಯಾರೋ ಗುಮಾಸ್ತರು ಆರು ಸಾಲು ಬರೆದಿದ್ದರು. ಪೇಟೆಯಲ್ಲಿ ಚೀನೀ ಬಲ್ಲವರಿಂದ ಓದಿಸಿ, ನಮ್ಮ ಭಾಷೆಯಲ್ಲಿ ಬರೆಸಿಕೊಂಡು ಬಂದೆವು. ಲ್ಯೂ ದಂಪತಿ ಸತ್ತು ಬಹಳ ಕಾಲವಾಯಿತು. ಅವರ ಮೂವರು ಹೆಣ್ಣುಮಕ್ಕಳೂ ಮದುವೆಯಾಗಿ ಬೇರೆ ಬೇರೆ ಊರಿಗೆ ಹೋದರು. ಯಾರು ಎಲ್ಲಿಗೆ ಎಂದು ಹೇಳುವವರು ಈಗ ಹಳ್ಳಿಯಲ್ಲಿ ಇಲ್ಲ.

ಅಕ್ಕ ಹೆಣ್ಣುಮಕ್ಕಳ ಸಾಲನ್ನು ಮತ್ತೆ ಓದಲು ಹೇಳಿದಳು. ಓದಿದೆ.

“ಮೂವರಾ?”

“ಮೂವರು ಅಂತಲೇ ಇದೆ ಅಕ್ಕ.”

“ನಾವು ಹೊರಟಾಗ ಲ್ಯೂಗೆ ಇಬ್ಬರೇ ಹೆಣ್ಣುಮಕ್ಕಳು,” ಎಂದಳು.

ಇವರು ಅಲ್ಲಿಂದ ಬಂದ ಮೇಲೆ ಲ್ಯೂ ದಂಪತಿಗೇ ಇನ್ನೊಂದು ಹೆಣ್ಣು ಹುಟ್ಟಿರಬಹುದು ಎಂಬ ಮಾತು ನನ್ನ ನಾಲಿಗೆಯವರೆಗೆ ಬಂತು. ನುಂಗಿಕೊಂಡೆ. ಮುಂದಿನ ಫೆಬ್ರವರಿಯಲ್ಲಿ ಅಕ್ಕ ತೀರಿಕೊಂಡಳು. ಅಲ್ಲಿಯವರೆಗೆ ಮನೆಗೆ ಬಂದವರಿಗೆಲ್ಲ ಅವಳು ಮಗಳಿಗೆ ಮದುವೆಯಾಗಿದೆ ಎಂದೇ ಹೇಳುತ್ತಿದ್ದಳು. ಯಾವ ಊರಿಗೆ ಕೊಟ್ಟಿರಿ ಎಂದು ಯಾರಾದರೂ ಕೇಳಿದರೆ ಮಾತ್ರ ನಾನು ಚಹಾ ತರುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತಿದ್ದೆ.