ಮುಚ್ಚಳದ ಮೇಲಿನ ಹೆಸರು

ಸೊಟ್ಟಗಾದ ಕುಕ್ಕರ್ ಮುಚ್ಚಳ ಚೀಲದೊಳಗಿಂದ ತೊಡೆಗೆ ಒತ್ತುತ್ತಿತ್ತು. ಬಸ್ಸಿನಲ್ಲಿ ಗೋವಿಂದರಾಜು ಅದನ್ನು ಮಗುಚಿಟ್ಟುಕೊಂಡ. ಮೇಲೆ ಕೊರೆದಿದ್ದ ಅಕ್ಷರಗಳು ಕೆಳಗಾದವು.

ಮೊನ್ನೆ ಅದು ಸಿಡಿದಾಗ ಕುದಿಯುವ ಬೇಳೆ ಹೆಂಡತಿ ಪ್ರಮೋದಾಳ ಮುಖಕ್ಕೆ ರಾಚಿತ್ತು. ಎಡಗಣ್ಣಿಗೆ ಪಟ್ಟಿ. ಕಣ್ಣು ಉಳಿಯುತ್ತದೆಯೇ ಎಂದು ಡಾಕ್ಟರು ಇನ್ನೂ ಹೇಳಿಲ್ಲ.

"ಮಾರಿದ್ದು ಅಂತ ಚಿಕ್ಕಪ್ಪನ ಬಾಯಲ್ಲೇ ಹೇಳ್ಸಿ, ಕೇಸು ಆಮೇಲೆ," ಎಂದಿದ್ದಳು ಬೆಳಿಗ್ಗೆ. "ನೀವು ಕಾಲೇಜಲ್ಲಿ ಪಾಠ ಮಾಡೋದು ಅದೇ ಅಲ್ವಾ?"

ಅದೇ. ಗ್ರಾಹಕರ ರಕ್ಷಣಾ ಕಾಯ್ದೆ. ಬಿಲ್ ಕೇಳಿ ಪಡೆಯುವುದು ನಿಮ್ಮ ಹಕ್ಕು ಎಂದು ಪ್ರತಿ ವರ್ಷ ಹೇಳುತ್ತಾನೆ. ಅವಳ ಚಿಕ್ಕಪ್ಪ ಕೊಂಡಪ್ಪನ ಪಾತ್ರೆ ಅಂಗಡಿಯಲ್ಲಿ ಕುಕ್ಕರ್ ಕೊಂಡಾಗ ತಾನು ಕೇಳಿರಲಿಲ್ಲ. ಹೆಣ್ಣು ಕೊಟ್ಟವರ ಹತ್ತಿರ ಬಿಲ್ ಕೇಳುವುದು ಹೇಗೆ?

ಅಷ್ಟೇ ಆಗಿದ್ದರೆ ಸರಿ. ದುಡ್ಡು ಕೊಟ್ಟು, ಮನೆಗೆ ಕಳಿಸಿ ಎಂದು ಬಿಟ್ಟುಬಂದಿದ್ದ ಕುಕ್ಕರನ್ನೇ ಕೊಂಡಪ್ಪ ಗೃಹಪ್ರವೇಶಕ್ಕೆ ಮುಯ್ಯಿಯೆಂದು ಹೊತ್ತು ತಂದಿದ್ದ. ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆದಿತ್ತು: 'ಕೊಂಡಪ್ಪ ಮತ್ತು ಮಕ್ಕಳ ಉಡುಗೊರೆ.' ನೆಂಟರೆಲ್ಲ ನೋಡುತ್ತಿದ್ದರು. ಗೋವಿಂದರಾಜು ಎರಡೂ ಕೈ ಚಾಚಿ ತೆಗೆದುಕೊಂಡಿದ್ದ. ಫೋಟೊ ಇದೆ. ಅದರಲ್ಲಿ ನಗುತ್ತಿದ್ದಾನೆ.

ನೆಲಮಂಗಲದಲ್ಲಿ ಇಳಿದ. ಅಂಗಡಿಯ ಸ್ಟೀಲ್ ಸಾಮಾನಿನ ಮೇಲೆಲ್ಲ ಹೆದ್ದಾರಿಯ ಧೂಳು.

"ಬನ್ನಿ ಅಳಿಯಂದ್ರೇ. ನಮ್ ಹುಡ್ಗಿ ಹೆಂಗವ್ಳೆ?"

"ಹಂಗೇ ಇದಾಳೆ, ಮಾವ." ಮುಚ್ಚಳ ತೆಗೆದಿಟ್ಟ. "ಇದ್ರಲ್ಲಿ ಐಎಸ್‌ಐ ಗುರುತಿಲ್ಲ. ಇಂಥದ್ದನ್ನ ಮಾರೋ ಹಂಗಿಲ್ಲ."

"ನಾನೆಲ್ಲಿ ಮಾರ್ದೆ?" ಕೊಂಡಪ್ಪ ಮುಚ್ಚಳವನ್ನು ಅವನ ಕಡೆ ತಿರುಗಿಸಿದ. "ಓದಿ ಮೇಷ್ಟ್ರೇ, ಏನ್ ಬರ್ದೈತೆ?"

"ದುಡ್ಡು ಕೊಟ್ಟಿದ್ದೆ."

"ಅವತ್ತೇ ನೆಂಟ್ರ ಮುಂದೆ ಹೇಳ್ಬೇಕಿತ್ತಪ್ಪಾ." ದನಿಯಲ್ಲಿ ಪ್ರೀತಿಯೇ ಇತ್ತು. "ಹೋಗ್ಲಿ ಬಿಡಿ, ನಮ್ಮೋರು. ಬೇರೆದು ಕೊಡ್ತೀನಿ. ಈ ಸಲ ನಿಮ್ಮೆಸ್ರೇ ಹಾಕ್ತೀನಿ, ಆಯ್ತಾ?"

ಅವನು ಎಸೆದ ಹಳೆಯ ಮುಚ್ಚಳ ಮೂಲೆಯ ಗುಜರಿ ರಾಶಿಗೆ ಬಿದ್ದು ಠಣ್ಣೆಂದಿತು. ಗೋವಿಂದರಾಜು ಬಾಯಿ ತೆರೆದ. ಅಷ್ಟರಲ್ಲಿ ಹೆಸರು ಕೊರೆಯುವ ಮಿಷನ್ ಕರ್ರೆನ್ನತೊಡಗಿತು.

ಪಕ್ಕದಲ್ಲಿ ಕುಕ್ಕರ್ ಹಿಡಿದು ನಿಂತಿದ್ದ ಹೆಂಗಸು ಕೇಳಿದಳು: "ನಿಮ್ಮೋರ ಅಂಗ್ಡಿನಾ ಸಾರ್? ಮಾಲು ಚೆನ್ನಾಗೈತಾ?"

"ಹೂಂ," ಎಂದ. ಅದು ಮೊದಲ ಪ್ರಶ್ನೆಗೆ ಮಾತ್ರ ಎಂದು ತಿದ್ದಿ ಹೇಳುವಷ್ಟರಲ್ಲಿ ಅವಳು ದುಡ್ಡು ತೆಗೆದಿದ್ದಳು. ಬಿಲ್ ಕೇಳಲಿಲ್ಲ.

ಮನೆಯಲ್ಲಿ ಪ್ರಮೋದಾ ಬಾಗಿಲಲ್ಲೇ ಇದ್ದಳು.

"ಹೇಳಿದ್ರಾ?"

"ಹೊಸದು ಕೊಟ್ರು."

"ಹಳೇ ಮುಚ್ಚಳ ಎಲ್ಲಿ?"

ಅವನು ಚಪ್ಪಲಿ ಬಿಡುತ್ತ ತಡಮಾಡಿದ. ಅವಳು ಹೊಸ ಮುಚ್ಚಳದ ಮೇಲೆ ಬೆರಳಾಡಿಸಿದಳು, ಒಂದೊಂದೇ ಅಕ್ಷರವಾಗಿ. ಕೊನೆಯ ಅಕ್ಷರದ ಮೇಲೆ ಬೆರಳು ನಿಂತಿತು.

"ನೀವೇ ಇಡಿ," ಎಂದಳು.

ಬೇಳೆ, ನೀರು ಹಾಕಿದ. ಒಲೆ ಹಚ್ಚಿ, ಅಡಿಗೆಮನೆಯಿಂದ ಬೇಗಬೇಗ ಹೊರಬಂದ. ಇಬ್ಬರೂ ಹೊಸ್ತಿಲಾಚೆ ನಿಂತರು. ಕುಕ್ಕರ್ ಬುಸುಗುಟ್ಟಿತು. ಆಮೇಲೆ ಆ ಸದ್ದೂ ನಿಂತಿತು.

ಸೀಟಿ ಬರಲಿಲ್ಲ.

"ಹೋಗಿ ಆರಿಸಿ," ಎಂದಳು ಪ್ರಮೋದಾ, ಇದ್ದ ಒಂದು ಕಣ್ಣನ್ನು ಅವನ ಮುಖದಿಂದ ಕೀಳದೆ.

ಗೋವಿಂದರಾಜು ಕದಲಲಿಲ್ಲ. ನೀಲಿ ಉರಿಯ ಮೇಲೆ ಮುಚ್ಚಳ ಸಣ್ಣಗೆ ನಡುಗುತ್ತಿತ್ತು, ಅದರೊಂದಿಗೆ ಅವನ ಹೆಸರೂ.